ಮುದ್ದಯ್ಯನಪಾಳ್ಯದ ಮೂರನೇ ಸುತ್ತು

ನನ್ನನ್ನು ಜಂಬಗಾತಿ ಅನ್ನುವವರು ಶಿರಾದಲ್ಲಿ ಈಗಲೂ ಇದ್ದಾರೆ. ಅನ್ನಲಿ ಬಿಡಿ. ಜಂಬ ಪಡುವಂಥದ್ದನ್ನು ಕಣ್ಣಾರೆ ಕಂಡವಳು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕೆ? ಮುದ್ದಯ್ಯನಪಾಳ್ಯದ ಪಟಾಲಮ್ಮನ ವಿಷಯ ಬಂದರೆ ನನ್ನ ದನಿ ತಾನಾಗಿ ಏರುತ್ತದೆ. ಏರಿದ ದನಿಯಲ್ಲೇ ಹೇಳುತ್ತೇನೆ, ಕೇಳಿ.

ನಾನು ಸಾಬೀರಾ. ಶಿರಾ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಬುಡನ್ ಸಾಬರ ಮಗಳು. ಅಂಗಡಿ ಅಪ್ಪನದಾದರೂ ಹಳ್ಳಿ ಹಳ್ಳಿ ತಿರುಗಿ ಬಳೆ ತೊಡಿಸುತ್ತಿದ್ದವಳು ಅಮ್ಮ, ಜೈನಾಬಿ. ಗೌಡಗೆರೆ ಹೋಬಳಿಯಲ್ಲಿ ಅವಳು ಹಿಡಿಯದ ಹೆಣ್ಣಿನ ಕೈ ಇರಲಿಲ್ಲ. ನಾನು ಓದಿ, ನರ್ಸ್ ತರಬೇತಿ ಮುಗಿಸಿ ಬಂದಾಗ ನಮ್ಮ ಮೊಹಲ್ಲಾದವರು, 'ಬಳೆ ತೊಡಿಸೋಳ ಮಗಳು ಸೂಜಿ ಚುಚ್ತಾಳಂತೆ' ಎಂದು ನಕ್ಕಿದ್ದರು. ಅಮ್ಮ ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅರವತ್ತೊಂದನೇ ಇಸವಿಯಲ್ಲಿ ಕ್ಷಯರೋಗದ ಅಧ್ಯಯನ ಮಾಡುವ ತಂಡವೊಂದು ನಮ್ಮ ಕಡೆಗೆ ಬಂತು. ಅದರಲ್ಲಿ ನನಗೆ ಕೆಲಸ ಸಿಕ್ಕಿತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕೆಲವು ಹಳ್ಳಿಗಳನ್ನು ಆರಿಸಿಕೊಂಡಿದ್ದರು. ಮುಂಗೈಗೆ ಒಂದು ಸೂಜಿ, ಎದೆಯದೊಂದು ಎಕ್ಸ್‌ರೇ. ಇಷ್ಟೇ ಆಗಿದ್ದರೆ ಯಾರು ಬೇಕಾದರೂ ಮಾಡುತ್ತಿದ್ದರು. ಆದರೆ ಒಂದೂವರೆ ವರ್ಷ ಕಳೆದ ಮೇಲೆ ಅದೇ ಊರಿಗೆ, ಅದೇ ಜನರ ಹತ್ತಿರ ಮತ್ತೆ ಹೋಗಬೇಕು. ಆಮೇಲೆ ಇನ್ನೊಮ್ಮೆ. ಮತ್ತೂ ಒಮ್ಮೆ. ಯಾರಿಗೆ ಹೊಸದಾಗಿ ಕಾಯಿಲೆ ಹತ್ತಿತು, ಯಾರಿಗೆ ಹತ್ತಲಿಲ್ಲ, ಯಾಕೆ ಹತ್ತಲಿಲ್ಲ ಎಂದು ವರ್ಷಗಟ್ಟಲೆ ನೋಡುವ ಕೆಲಸ ಅದು. ಇವತ್ತು ಇವರು, ನಾಳೆ ಅವರು ಬಂದರೆ ಪ್ರಯೋಜನವಿಲ್ಲ. ಬಂದವರೇ ಬರಬೇಕು, ಎಲ್ಲರೂ ಬರಬೇಕು. ಎಕ್ಸ್‌ರೇ ವ್ಯಾನಿಗಿಂತ ಮುಂಚೆ ಹಳ್ಳಿಗೆ ಹೋಗಿ ಅವರನ್ನು ಒಪ್ಪಿಸಿ ಕರೆತರುವ ಕೆಲಸ ನನ್ನದು.

ಕೆಮ್ಮುತ್ತಿರುವವರನ್ನು ಕರೆತರುವುದು ಯಾವ ಮಹಾ ಕೆಲಸ? ಅವರೇ ಓಡಿ ಬರುತ್ತಾರೆ, ಔಷಧಿಯೂ ಸಿಗುತ್ತದೆ. ಗಟ್ಟಿಮುಟ್ಟಾಗಿ ಹೊಲ ಉಳುತ್ತಿರುವವನನ್ನು ಮೂರನೇ ಸಲ ಕರೆತರುವುದಿದೆಯಲ್ಲ, ಅದು ಕೆಲಸ. 'ನಿಂಗೇನೂ ಇಲ್ಲ ಅಂತ ಹೋದ ಸಲಾನೇ ಹೇಳಿದ್ರಿ, ಮತ್ಯಾಕೆ ಬಂದ್ರಿ?' ಎಂದು ಅವನು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆಯೇ. ಹೊಳವನಹಳ್ಳಿ ಕಡೆಯವರು, 'ಗದ್ದೆಗೆ ನೀರು ಕಟ್ಟಿದೀವಿ, ಆಮ್ಯಾಕೆ ಬತ್ತೀವಿ' ಅನ್ನುವರು. ಪಾವಗಡದ ಗಡಿಯಲ್ಲಿ, 'ರೇಪು ರಾ ಅಮ್ಮಾ' ಅನ್ನುವರು, ನಾಳೆ ಬಾ ಅಂತ. ಮರುದಿನ ಹೋದರೆ ಮತ್ತೆ ರೇಪು. ಶಿರಾದ ನಮ್ಮವರ ಮನೆಗಳಲ್ಲಿ ಮೊದಲು ಅತ್ತೆಯನ್ನು ಒಪ್ಪಿಸಬೇಕು. ಅತ್ತೆ ಬಂದರೆ ಬುರ್ಖಾಗಳ ಸಾಲೇ ಹಿಂದೆ ಬರುತ್ತದೆ. ಒಂದು ಊರಿನ ಬೀಗದ ಕೈ ಇನ್ನೊಂದು ಊರಿಗೆ ಹತ್ತುವುದಿಲ್ಲ. ಎಲ್ಲ ಬೀಗಗಳನ್ನೂ ನಾನು ತೆಗೆದಿದ್ದೆ, ಮುದ್ದಯ್ಯನಪಾಳ್ಯದ್ದನ್ನೂ ಸೇರಿಸಿ.

ಆ ಊರು ಗೌಡಗೆರೆಯಿಂದಾಚೆ, ಕಡಲೆಕಾಯಿ ಹೊಲಗಳ ನಡುವೆ. ಗೌಡರ ಬೀದಿ ದೊಡ್ಡದು. ಒಂದು ಮಗ್ಗುಲಲ್ಲಿ ನಮ್ಮವರ ಕೆಲವು ಮನೆಗಳು, ಊರಾಚೆ ಕಲ್ಲು ಒಡೆಯುವ ಬೋವಿಗಳ ಕೇರಿ. ಬೋವಿಗಳ ಮನೆಮಾತು ತೆಲುಗು. ಮೊದಲ ಸುತ್ತಿನಲ್ಲಿ ವ್ಯಾನು, ಅದರ ಜನರೇಟರು, ಒಳಗಿನ ಕೆಂಪು ದೀಪ ನೋಡುವುದಕ್ಕೇ ಊರೆಲ್ಲ ನೆರೆದಿತ್ತು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ತೊಂದರೆ ಎದ್ದದ್ದು ಎರಡನೇ ಸುತ್ತಿನಲ್ಲಿ, ಅರವತ್ಮೂರರ ಸಂಕ್ರಾಂತಿ ಕಳೆದ ಮೇಲೆ.

ಮೊದಲ ಸುತ್ತಿನ ಹೆಂಗಸರ ಎಕ್ಸ್‌ರೇಗಳಲ್ಲಿ ತಾಳಿಯ ನೆರಳು ಶ್ವಾಸಕೋಶದ ಮೇಲೆ ಬಿದ್ದು, ಅದು ತಾಳಿಯೋ ಕಾಯಿಲೆಯೋ ತಿಳಿಯದೆ ಹೋಗಿತ್ತು. ಅದಕ್ಕೆ ಎಕ್ಸ್‌ರೇ ತೆಗೆಯುವ ಶಂಕರಲಿಂಗಪ್ಪನವರು, 'ಈ ಸಲ ಕೊರಳಲ್ಲಿ ಏನೂ ಇರಕೂಡದು, ಎಲ್ಲ ಬಿಚ್ಚಿಟ್ಟು ಹತ್ತಬೇಕು' ಎಂದು ಕಟ್ಟಪ್ಪಣೆ ಮಾಡಿದರು. ಒಳ್ಳೆಯ ಮನುಷ್ಯರೇ. ಆದರೆ ಯಂತ್ರದ ಜೊತೆ ಇದ್ದು ಇದ್ದು ಮನುಷ್ಯರ ಜೊತೆ ಮಾತಾಡುವುದನ್ನು ಮರೆತಿದ್ದರು. ಗಂಡ ಬದುಕಿರುವಾಗ ತಾಳಿ ಬಿಚ್ಚು ಅಂದರೆ ಯಾವ ಹೆಂಗಸು ಬಿಚ್ಚುತ್ತಾಳೆ? ಹೆಂಗಸರೆಲ್ಲ ಕೊರಳು ಹಿಡಿದುಕೊಂಡು ಕಂಬಗಳ ಹಾಗೆ ನಿಂತುಬಿಟ್ಟರು. ಆಗ ಗುಂಪಿನಿಂದ ಮುಂದೆ ಬಂದವಳು ಪಟಾಲಮ್ಮ.

ಅವಳು ಗೌಡರ ಬೀದಿಯ ಕದಿರಯ್ಯ, ದಾಸಮ್ಮ ದಂಪತಿಯ ಸೊಸೆ. ಅವರ ಒಬ್ಬನೇ ಮಗ ಕದರಪ್ಪನ ಹೆಂಡತಿ. ನನ್ನ ಓರಗೆಯವಳು. ಮೊದಲ ಸುತ್ತಿನಿಂದಲೂ ನನಗೆ ಆ ಊರಿನಲ್ಲಿ ಬಲಗೈಯಾಗಿದ್ದವಳು. 'ಯಾಕ್ರೇ ಇಂಗೆ ನಿಂತ್ಬುಟ್ರಿ? ಒಂದು ಗಳಿಗೆ ಬಿಚ್ಚಿ ಮತ್ತೆ ಕಟ್ಕಂಡ್ರೆ ಏನಾಯ್ತದೆ? ನನ್ ಗಂಡ ಗುಂಡುಕಲ್ಲಿನಂಗವ್ನೆ' ಎಂದು ನಗುತ್ತ, ಎಲ್ಲರೆದುರು ತಾಳಿ ಬಿಚ್ಚಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ವ್ಯಾನು ಹತ್ತಿದಳು. ಇಳಿದು ಬಂದು ಮತ್ತೆ ಕಟ್ಟಿಕೊಂಡು ಕಣ್ಣಿಗೊತ್ತಿಕೊಂಡಳು. ಅವಳನ್ನು ನೋಡಿ ಉಳಿದವರೂ ಬಿಚ್ಚಿದರು. ನಮ್ಮವರ ಹೆಂಗಸರು ಮದುವೆಯ ಕರಿಮಣಿ ಸರ, ಅಂದರೆ ಲಚ್ಚ ಬಿಚ್ಚಿದರು. ಬೋವಿ ಹೆಂಗಸರು ತಾವು ಪುಸ್ತೆ ಅನ್ನುವ ತಾಳಿ ಬಿಚ್ಚಿದರು. ನಮ್ಮ ತಂಡದ ಡಾಕ್ಟರ್ ಗಂಗಾಧರಯ್ಯನವರು ನನಗೆ ಶಹಭಾಸ್ ಅಂದರು. ಅದು ಪಟಾಲಮ್ಮನಿಗೆ ಸಲ್ಲಬೇಕಾಗಿತ್ತು.

ಎರಡು ತಿಂಗಳು ಕಳೆದಿರಬೇಕು. ಹುಣಸೆ ಕಾಯಿ ಬಡಿಯುವ ಕಾಲ. ಮರ ಹತ್ತಿದ್ದ ಕದರಪ್ಪ ಒಣಕೊಂಬೆಯ ಮೇಲೆ ಕಾಲಿಟ್ಟು ಬಿದ್ದ. ಮನೆಗೆ ಹೊತ್ತು ತರುವಷ್ಟರಲ್ಲಿ ಜೀವ ಹೋಗಿತ್ತು.

ಇದು ನನಗೆ ಗೊತ್ತಾದದ್ದು ಮೂರನೇ ಸುತ್ತಿಗೆ ಹೋದಾಗ, ಅರವತ್ನಾಲ್ಕರ ಗೌರಿ ಹಬ್ಬಕ್ಕೆ ಮುಂಚೆ. ನನ್ನನ್ನು ಕಂಡೊಡನೆ ಬಾಗಿಲುಗಳು ಮುಚ್ಚಿಕೊಂಡವು. ಹಿಂದಿನ ಸಲ ಬೆಲ್ಲ, ಕಡಲೆಕಾಯಿ ಕೊಟ್ಟು ಕೂರಿಸಿದ್ದ ಮನೆಯವರೇ ಬೆನ್ನು ತಿರುಗಿಸಿದರು. ಕೊನೆಗೆ ಬಾವಿಕಟ್ಟೆಯ ಹತ್ತಿರ ಒಬ್ಬ ಹೆಂಗಸು ಮುಖ ನೋಡದೆ ಹೇಳಿದಳು. 'ತಾಳಿ ಬಿಚ್ಚಿಸಿ ಗಂಡನ್ನ ನುಂಗೋ ಯಂತ್ರಕ್ಕೆ ನಾವು ಬರಾಕಿಲ್ಲ ಕಣಮ್ಮ. ಆ ಪಟಾಲಿ ಬಿಚ್ಚಿದ್ಲು, ತಿಂದ್ಕಂಡ್ಲು.'

ನನಗೆ ಮೈಯೆಲ್ಲ ಉರಿಯಿತು. ಅಲ್ಲ, ಊರಿನ ಅಷ್ಟೂ ಹೆಂಗಸರು ಬಿಚ್ಚಿದ್ದರು. ಸತ್ತವನು ಒಬ್ಬ. ಉಳಿದ ಗಂಡಂದಿರೆಲ್ಲ ಅರಳಿಕಟ್ಟೆಯಲ್ಲಿ ಬೀಡಿ ಸೇದುತ್ತ ಕೂತಿದ್ದಾರೆ, ನಾನೇ ನೋಡಿದ್ದೇನೆ! ಆದರೆ ಭಯಕ್ಕೆ ಲೆಕ್ಕ ಹೇಳಿಕೊಟ್ಟರೆ ಕಲಿಯುತ್ತದೆಯೇ? ನಾನು ಬಾಯಿ ಮುಚ್ಚಿಕೊಂಡು ಪಟಾಲಮ್ಮನ ಮನೆಗೆ ಹೋದೆ.

ಹಿತ್ತಲಿನಲ್ಲಿ ಅವಳು ಕಡಲೆಕಾಯಿ ಬಿಡಿಸುತ್ತಿದ್ದಳು. ಬೋಳು ಕೊರಳು, ಬೋಳು ಕೈ. ಮನೆಯೊಳಗೆ ಅತ್ತೆ ದಾಸಮ್ಮ ಇದ್ದಳು, ಆದರೆ ಹೊರಗೆ ಬರಲಿಲ್ಲ. ಸೊಸೆಯ ಜೊತೆ ಮಾತು ಬಿಟ್ಟಿದ್ದಳಂತೆ. ಮುದ್ದೆಯನ್ನು ತಟ್ಟೆಗೆ ಹಾಕಿ ನೆಲದ ಮೇಲೆ ಇಟ್ಟು ಹೋಗುವಳಂತೆ. ಪಟಾಲಮ್ಮ ನನ್ನ ಕೈ ಹಿಡಿದುಕೊಂಡು, 'ವ್ಯಾನು ಬತ್ತದಾ ನರ್ಸಮ್ಮ?' ಎಂದಳು.

'ಜನ ಬರೋದಿಲ್ಲ ಅಂದರೆ ಬರುವುದಿಲ್ಲ. ಊರನ್ನೇ ಕೈ ಬಿಡುತ್ತಾರೆ' ಎಂದೆ. ಸುಳ್ಳು ಹೇಳುವುದು ನನ್ನ ಜಾಯಮಾನವಲ್ಲ. ಡಾಕ್ಟರ್ ಗಂಗಾಧರಯ್ಯನವರು ಮೊದಲೇ ಹೇಳಿದ್ದರು, ಹತ್ತರಲ್ಲಿ ಒಂಬತ್ತು ಜನವಾದರೂ ಬರದಿದ್ದರೆ ಆ ಊರನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ ಅಂತ.

'ಬುಡಬ್ಯಾಡಿ' ಎಂದಳು ಅವಳು. 'ನೀವು ಬುಟ್ಟೋದ್ರೆ ಇವ್ರು ಅಂದಿದ್ದೇ ನಿಜ ಆಗೋಯ್ತದೆ. ಡಾಕ್ಟ್ರೇ ಹೆದ್ರಿ ಓಡೋದ್ರು, ಪಟಾಲಿ ಗಂಡನ್ನ ತಿಂದಿದ್ದು ದಿಟ ಅಂತಾರೆ. ಸಾಯೋಗಂಟ ಅದೇ ಹೆಸರು. ಆಮ್ಯಾಕೆ ಈ ಊರಲ್ಲಿ ನಾನು ಹೆಂಗೆ ತಲೆ ಎತ್ಲಿ?'

ನನಗೆ ಆ ಕ್ಷಣದಿಂದ ಹತ್ತರಲ್ಲಿ ಒಂಬತ್ತರ ಲೆಕ್ಕ ಬೇಡವಾಯಿತು. ಈ ಒಬ್ಬಳು ತಲೆ ಎತ್ತಬೇಕು, ಅಷ್ಟೆ.

ಬಸ್ಸು ಹಿಡಿದು ಶಿರಾಕ್ಕೆ ಬಂದು ಅಮ್ಮನ ಮುಂದೆ ಕಿರುಚಾಡಿದೆ. ಅತ್ತುಬಿಟ್ಟೆ ಕೂಡ. ಅಮ್ಮ ಎಲೆ ಅಡಿಕೆ ಜಗಿಯುತ್ತ ಕೇಳಿ, 'ಅರೆ, ನೀನು ಓದಿರೋದು ಸೂಜಿ ಹಾಕೋಕೆ. ಹೆಂಗಸ್ರ ಕೈ ಹಿಡಿಯೋಕೆ ಅಲ್ಲ. ಗೌರಿ ಹಬ್ಬ ಹತ್ರ ಬಂತಲ್ಲ ಬೇಟಿ, ಮುದ್ದಯ್ಯನಪಾಳ್ಯದ ಯಾವ ಹೆಂಗಸು ಹಳೇ ಬಳೆ ಹಾಕ್ಕೊಂಡು ಗೌರಮ್ಮನ ಮುಂದೆ ಕೂತಾಳು? ನಾಳೆ ಮಲಾರ ಎತ್ಕೊಂಡು ನಾನೂ ಬರ್ತೀನಿ' ಎಂದಳು. ಮಲಾರ ಅಂದರೆ ಹಗ್ಗಕ್ಕೆ ಪೋಣಿಸಿದ ಬಳೆಗಳ ದೊಡ್ಡ ಸರ. ಅದನ್ನು ಅಮ್ಮ ಹೆಗಲಿಗೆ ಹಾಕಿಕೊಂಡರೆ ನಡೆಯುವಾಗ ಊರಿಗೇ ಕೇಳಿಸುತ್ತಿತ್ತು.

ಗೌರಿ ಹಬ್ಬಕ್ಕೆ ಬಳೆಗಾತಿ ಬಂದರೆ ಮೊದಲು ಗೌಡರ ಬೀದಿಯ ಮೇಲಿನ ಮನೆಗೆ ಹೋಗುವುದು ರೂಢಿ. ಮರುದಿನ ಅಮ್ಮ ಅದನ್ನು ದಾಟಿ ನೇರ ಪಟಾಲಮ್ಮನ ಮನೆಯ ಜಗಲಿಗೆ ಹೋಗಿ ಕೂತಳು. ಅದೂ ಸಾಲದೆಂದು ಪಟಾಲಮ್ಮನನ್ನೇ ಕರೆದು ಮಗ್ಗುಲಲ್ಲಿ ಕೂರಿಸಿಕೊಂಡು, 'ಬಣ್ಣ ನೋಡಿ ಬಿಡಿಸಿ ಕೊಡ್ತಾ ಇರು ಮಗಳೆ' ಎಂದಳು. ಗಂಡ ಸತ್ತವಳ ಕೈಯಿಂದ ಹಬ್ಬದ ಬಳೆ! ಬೀದಿ ಬಾಗಿಲುಗಳ ಹಿಂದೆ ಗುಸುಗುಸು ಶುರುವಾಯಿತು. ಮೇಲಿನ ಮನೆಯ ಯಜಮಾನಿ ಆಳಿನ ಕೈಲಿ ಹೇಳಿ ಕಳಿಸಿದಳು, ಇಲ್ಲಿಗೇ ಬಾ ಅಂತ.

'ಕಾಲು ನೋವು, ಇಲ್ಲಿಂದ ಏಳಾಕಾಗಲ್ಲ. ಬಳೆ ಬೇಕಾದೋರು ಬರ್ಲಿ' ಎಂದಳು ಅಮ್ಮ. ಅವಳ ಕಾಲು ನನ್ನ ಕಾಲಿಗಿಂತ ಗಟ್ಟಿಯಾಗಿತ್ತು.

ಹೊತ್ತು ಏರಿತು. ಯಾರೂ ಬರಲಿಲ್ಲ. ಪಟಾಲಮ್ಮ ಎರಡು ಸಲ ಎದ್ದು ಹೋಗಲು ನೋಡಿದಳು, ಅಮ್ಮ ಸೆರಗು ಹಿಡಿದೆಳೆದು ಕೂರಿಸಿದಳು. ಕೊನೆಗೆ ಬೋವಿ ಕೇರಿಯಿಂದ ಒಬ್ಬ ಮುದುಕಿ ಸೊಸೆಯರನ್ನು ಕಟ್ಟಿಕೊಂಡು ಬಂದಳು. ಅವರಲ್ಲಿ ಗಂಡ ಸತ್ತವಳು ಮತ್ತೆ ಕೂಡಿಕೆ ಮಾಡಿಕೊಳ್ಳುವುದುಂಟು, ಅಷ್ಟೊಂದು ಮಡಿಮೈಲಿಗೆಯಿಲ್ಲ. ಆಮೇಲೆ ನಮ್ಮವರ ಮನೆಯ ಕುಲ್ಸುಮ್ ಬಂದಳು, ಅವಳ ಹಿಂದೆ ನಾದಿನಿಯರು. ಅಮ್ಮ ಬೇಕೆಂದೇ ಗಟ್ಟಿಯಾಗಿ, 'ಹಸಿರು ಗಾಜಿನದು ಮುಗೀತಾ ಬಂತು, ಮುಂದಿನ ವಾರ ಬರಾಕಾಗಲ್ಲ' ಎಂದು ಕೂಗಿದಳು. ಅಷ್ಟೇ ಸಾಕಾಯಿತು. ಗೌಡರ ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಮೈಲಿಗೆ ದೊಡ್ಡದೋ ಹಸಿರು ಬಳೆ ದೊಡ್ಡದೋ ಎಂಬ ವ್ಯಾಜ್ಯ ಅಲ್ಲಿಗೆ ಮುಗಿಯಿತು.

ಕೈ ಅಮ್ಮನ ಹಿಡಿತದಲ್ಲಿರುವಾಗ ಎದ್ದು ಓಡುವಂತಿಲ್ಲ. ಹಾಗಾಗಿ ಮಾತೂ ಶುರುವಾಯಿತು. ಒಬ್ಬಳು ನೇರವಾಗಿ ಕೇಳಿಯೇಬಿಟ್ಟಳು. 'ನೀನು ತಾಳಿ ಬಿಚ್ಚಿದ್ದು ದಿಟ ತಾನೇ ಪಟಾಲಿ?'

ಪಟಾಲಮ್ಮ ಕೈಯಲ್ಲಿದ್ದ ಬಳೆಗಳನ್ನು ಕೆಳಗಿಟ್ಟಳು. 'ದಿಟ. ನೀನೂ ಬಿಚ್ಚಿದ್ದೆ. ಅಗೋ ಅವ್ಳೂ ಬಿಚ್ಚಿದ್ಲು. ನಾನು ಮೊದ್ಲು ಬಿಚ್ಚಿದ್ದು ನಿಮಗೆ ಧೈರ್ಯ ಬರ್ಲಿ ಅಂತ. ಧೈರ್ಯ ಬೇಕಾದಾಗ ನಾನು ಬೇಕಿತ್ತು, ಸಾವು ಬಂದಾಗ ನಾನು ಮಾರಿ ಆದ್ನಾ? ನನ್ ಗಂಡನ್ನ ನಾನೇ ತಿಂದೆ ಅಂತ ನನ್ ಕಣ್ಣು ನೋಡಿ ಹೇಳ್ರೇ, ಯಾರಾದ್ರೂ.'

ಕೇಳಿದವಳು ತಲೆ ತಗ್ಗಿಸಿ, 'ಅಂಗಲ್ಲ ಕಣೇ. ನಮಗೆ ಭಯ. ಮತ್ತೆ ಬಿಚ್ಚು ಅಂದ್ರೆ ಕೈ ಬರಾಕಿಲ್ಲ' ಎಂದಳು. ಕುಲ್ಸುಮ್ ಕೂಡ, 'ಲಚ್ಚಾ ಬಿಚ್ಚೋದು ನಮಗೂ ಆಗಲ್ಲ ಆಪಾ' ಎಂದು ನನ್ನ ಕಡೆ ನೋಡಿದಳು.

ಆಗ ಮೆಟ್ಟಿಲ ಮೇಲೆ ಕೂತಿದ್ದ ಬೋವಿ ಮುದುಕಿ, 'ಪಂಡ್ಲತೋ ಪಟ್ಟುಕುಂಟೆ ಸಾಲದಾ?' ಎಂದಳು. ಎಲ್ಲರೂ ತಿರುಗಿದರೆ ಅವಳು ತನ್ನ ಪುಸ್ತೆಯನ್ನು ಎತ್ತಿ ಹಲ್ಲಿನಲ್ಲಿ ಕಚ್ಚಿ, ಗದ್ದ ಮೇಲೆ ಮಾಡಿ ತೋರಿಸಿದಳು. ಬಾವಿಯಲ್ಲಿ ನೀರು ಸೇದುವಾಗ ತಾಳಿ ಜೋತಾಡಿ ಹಗ್ಗಕ್ಕೆ ಸಿಕ್ಕಬಾರದೆಂದು ಹೆಂಗಸರು ಮಾಡುವುದೇ ಹಾಗೆ. ಅಲ್ಲಿದ್ದ ಎಲ್ಲರೂ ದಿನಾ ಮಾಡುತ್ತಿದ್ದರು, ನಾನೂ ನೋಡುತ್ತಲೇ ಬೆಳೆದವಳು. ವ್ಯಾನಿನಲ್ಲಿ ಗದ್ದ ಎತ್ತಿ ನಿಲ್ಲಿಸುತ್ತಾರೆ, ತಾಳಿ ಹಲ್ಲಿನಲ್ಲಿದ್ದರೆ ಎದೆಯ ಮೇಲೆ ನೆರಳೆಲ್ಲಿಂದ ಬರಬೇಕು? ಹೆಂಗಸರೆಲ್ಲ ಒಂದೇ ಮಾತಿಗೆ ಬಂದರು. ಬಿಚ್ಚುವುದಿಲ್ಲ, ಕಚ್ಚಿಕೊಳ್ಳುತ್ತೇವೆ. ಡಾಕ್ಟರು ಒಪ್ಪಿದರೆ ಬರುತ್ತೇವೆ.

'ಮೊದ್ಲು ಯಾರು ಹತ್ತೋದು?' ಎಂದು ಹಿಂದಿನಿಂದ ಯಾರೋ ಕೇಳಿದರು. ಹೆಂಗಸರು ಬಳೆ ಸರಿಮಾಡಿಕೊಳ್ಳುತ್ತ ಒಬ್ಬೊಬ್ಬರಾಗಿ ಎದ್ದು ಹೊರಟರು.

ಜಗಲಿ ಖಾಲಿಯಾಗುವ ಹೊತ್ತಿಗೆ ಮನೆಯೊಳಗಿಂದ ದಾಸಮ್ಮ ಹೊರಬಂದಳು. ಅವಳೂ ಮುತ್ತೈದೆ, ಅವಳಿಗೂ ಹಬ್ಬ. ಸೊಸೆಯ ಕಡೆ ನೋಡದೆ ಅಮ್ಮನ ಮುಂದೆ ಕೈ ಚಾಚಿದಳು. ಅಮ್ಮ ಬೆರಳುಗಳನ್ನು ಒತ್ತಿ ಹಿಡಿದು ಮೊದಲ ಬಳೆ ಏರಿಸಿದಳು. ಪಟ್ಟನೆ ಒಡೆಯಿತು. ಇನ್ನೊಂದು ತೆಗೆದಳು, ಅದೂ ಒಡೆಯಿತು. ನಲವತ್ತು ವರ್ಷ ಬಳೆ ತೊಡಿಸಿದವಳ ಕೈಯಲ್ಲಿ ಹಾಗಾಗುವುದನ್ನು ನಾನು ನೋಡಿರಲಿಲ್ಲ.

'ಕೈ ಬಿಗಿ ಹಿಡಿದಿದ್ದೀಯ ದಾಸಕ್ಕ' ಎಂದಳು ಅಮ್ಮ ಮೆಲ್ಲಗೆ. 'ಬಿಗಿ ಹಿಡಿದ ಕೈಗೆ ಯಾರು ಹಾಕಿದ್ರೂ ಬಳೆ ಏರಲ್ಲ. ಏನಿಟ್ಕೊಂಡಿದ್ದೀಯ ಒಳಗೆ?'

ದಾಸಮ್ಮನ ಕಣ್ಣಲ್ಲಿ ನೀರು ತುಂಬಿತು. ಅಮ್ಮ ಆ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ತುಂಬ ಹೊತ್ತು ಉಜ್ಜುತ್ತ ಕೂತಳು. ಆಮೇಲೆ ಬಳೆ ಏರಿದವು. ಪಟಾಲಮ್ಮ ಒಡೆದ ಚೂರುಗಳನ್ನು ಆರಿಸಿ ಎಸೆದು ಬಂದಳು.

ಗೌಡಗೆರೆಯ ಸ್ಕೂಲಿನಲ್ಲಿ ನಮ್ಮ ಬಿಡಾರ. ಅಲ್ಲಿಗೆ ಹೋಗಿ ವಿಷಯ ಹೇಳಿದರೆ ಶಂಕರಲಿಂಗಪ್ಪನವರು, 'ಇದೇನು ಆಟವೇ? ಹಲ್ಲಲ್ಲಿ ಕಚ್ಚಿಕೊಂಡು ಉಸಿರು ಹಿಡಿಯೋದು ಹೇಗೆ?' ಎಂದು ರೇಗಿದರು. ನಾನೂ ರೇಗಿದೆ. ಡಾಕ್ಟರ್ ಗಂಗಾಧರಯ್ಯನವರು ಇಬ್ಬರನ್ನೂ ಸುಮ್ಮನಿರಿಸಿ, 'ಒಂದು ತೆಗೆದು ನೋಡಿದರಾಯಿತಲ್ಲ ಸ್ವಾಮಿ' ಎಂದರು. ಜೊತೆಗೆ ಬಂದಿದ್ದ ಅಮ್ಮ ಕೇಳುವ ಮುಂಚೆಯೇ ವ್ಯಾನು ಹತ್ತಿ ಲಚ್ಚ ಕಚ್ಚಿ ನಿಂತಳು. ಫಿಲಂ ತೊಳೆದು ನೋಡಿದಾಗ ಎರಡೂ ಶ್ವಾಸಕೋಶ ಅಂಗೈಯಂತೆ ಸ್ವಚ್ಛ. ಶಂಕರಲಿಂಗಪ್ಪನವರು ಅದನ್ನು ಬೆಳಕಿಗೆ ಹಿಡಿದು ನೋಡಿ, 'ಹೋದ ಸುತ್ತಿನಲ್ಲೇ ಯಾರಾದರೂ ಹೇಳಬಾರದಿತ್ತೆ?' ಎಂದರು. ಅವರು ಯಾರನ್ನೂ ಕೇಳಿರಲಿಲ್ಲ ಎಂದು ನಾನು ನೆನಪಿಸಲು ಹೊರಟೆ, ಅಮ್ಮ ನನ್ನ ಕಾಲು ತುಳಿದಳು.

ಹಬ್ಬ ಮುಗಿದ ವಾರ ವ್ಯಾನು ಮುದ್ದಯ್ಯನಪಾಳ್ಯದ ಅರಳಿಕಟ್ಟೆಯ ಮುಂದೆ ನಿಂತಿತು. ಊರು ನೆರೆಯಿತು. ಗಂಡಸರದು ಒಂದು ಕಡೆ, ಹೆಂಗಸರದು ಒಂದು ಕಡೆ. ಜನರೇಟರು ಗುಡುಗಿತು. ನಾನು, 'ಬನ್ನಿ' ಅಂದೆ. ಯಾರೂ ಕದಲಲಿಲ್ಲ. ಜಗಲಿಯಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆ ಅಲ್ಲೇ ನಿಂತಿತ್ತು. ತಾಳಿಯಿದ್ದವರಿಗೆ ಮೊದಲು ಹೋಗಲು ಭಯ. ಎಲ್ಲರಿಗೂ ದಾರಿ ತೋರಿಸಿದ್ದವಳು ಪಟಾಲಮ್ಮ, ಆದರೆ ಗಂಡ ಸತ್ತವಳು ಮುಂದೆ ಹೋದರೆ ಅಪಶಕುನ, ಅವಳ ಹಿಂದೆ ಯಾವ ಮುತ್ತೈದೆಯೂ ಹೆಜ್ಜೆ ಇಡುವುದಿಲ್ಲ.

ಅದು ಅವಳಿಗೂ ಗೊತ್ತಿತ್ತು. ಆದರೂ ಮುಂದೆ ಬಂದಳು. ತಲೆಯ ಮೇಲೆ ಸೆರಗು ಹೊದ್ದು, ವ್ಯಾನಿನ ಮೆಟ್ಟಿಲ ಹತ್ತಿರ ನಿಂತು, 'ನನ್ ಕೊರಳಲ್ಲಿ ಬಿಚ್ಚಾಕೂ ಏನಿಲ್ಲ, ಕಚ್ಚಾಕೂ ಏನಿಲ್ಲ. ನಾನು ಹೋಯ್ತೀನಿ. ಬರೋರು ಬನ್ನಿ' ಎಂದಳು. ಮೇಲಿನ ಮನೆಯ ಯಜಮಾನಿ ಮುಖ ತಿರುಗಿಸಿದಳು. ಕೆಲವರು ಹಿಂದಕ್ಕೆ ಸರಿದರು. ಮಕ್ಕಳನ್ನು ಎಳೆದುಕೊಂಡು ಮನೆ ಕಡೆ ಹೊರಟವರೂ ಇದ್ದರು. ಪಟಾಲಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹಾಗೇ ನಿಂತಳು. ಡಾಕ್ಟರು ನನ್ನ ಮುಖ ನೋಡಿದರು. ಮುಗಿಯಿತು ಅಂದುಕೊಂಡೆ.

'ನಿಂತ್ಕಳ್ರೇ.'

ದಾಸಮ್ಮನ ದನಿ. ಮುದುಕಿ ಗುಂಪು ಸೀಳಿಕೊಂಡು ಬಂದಳು. ಕೈ ತುಂಬ ಹಸಿರು ಬಳೆ, ಹಣೆ ತುಂಬ ಕುಂಕುಮ. ಸೊಸೆಯ ಪಕ್ಕ ನಿಂತು ಊರಿನ ಕಡೆ ತಿರುಗಿದಳು.

'ಅವತ್ತು ನನ್ ಮಗ ಮರ ಹತ್ತಲ್ಲ ಅಂದ. ಮೈ ಕೈ ನೋವು, ನಾಳೆ ಹತ್ತೀನಿ ಕಣವ್ವ ಅಂದ. ನಾನು ಬೈದೆ. ಸೋಮಾರಿ, ಕಾಯೆಲ್ಲ ಉದುರಿ ಹೋಯ್ತದೆ, ಹತ್ತು ಅಂದೆ. ಹತ್ಸಿದ್ದು ನಾನು ಕಣ್ರೇ. ತಾಳೀನೂ ಅಲ್ಲ, ಈ ಯಂತ್ರಾನೂ ಅಲ್ಲ. ನೀವು ಇವ್ಳು ತಿಂದ್ಲು ಅಂದ್ರಿ, ನಾನು ಸುಮ್ಕಿದ್ದೆ. ನನ್ ಹೆಸ್ರು ಬರ್ಲಿಲ್ವಲ್ಲ ಅಂತ ಸುಮ್ಕಿದ್ದೆ. ಹೆತ್ತೋಳು ನಾನು, ನನ್ ಹೊಟ್ಟೆ ಉರೀತಿತ್ತು, ಅದನ್ನ ತಗಂಡೋಗಿ ಇವಳ ತಲೆ ಮ್ಯಾಲೆ ಸುರಿದ್ಬುಟ್ಟೆ.'

ಪಟಾಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ದಾಸಮ್ಮ ತನ್ನ ತಾಳಿಯನ್ನು ಎದೆಯಿಂದ ಎತ್ತಿ ಹಿಡಿದಳು, ಎಲ್ಲರಿಗೂ ಕಾಣುವ ಹಾಗೆ.

'ಇವಳು ಮೊದ್ಲು ಹತ್ತಲಿ. ಇವಳ ಹಿಂದ್ಗುಟ್ಟೇ ನಾನು ಹತ್ತೀನಿ. ನನ್ ಗಂಡನ್ನೂ ತಿಂತಾಳೇನೋ, ನೋಡೇ ಬುಡಾನ!'

ಗಂಡಸರ ಗುಂಪಿನಿಂದ ಮುದುಕ ಕದಿರಯ್ಯ ಬೀಡಿ ಬಾಯಿಂದ ತೆಗೆದು, 'ಹತ್ತೇ, ಹತ್ತು. ನಂಗೇನೂ ಆಗಾಕಿಲ್ಲ. ಆದ್ರೂ ವಯಸ್ಸಾಯ್ತು ಬುಡು' ಎಂದ. ಯಾರೋ ನಕ್ಕರು. ಆಮೇಲೆ ಇನ್ನೊಬ್ಬರು. ಹೊರಟಿದ್ದ ಹೆಂಗಸರು ನಿಂತು ತಿರುಗಿ ನೋಡಿದರು.

ಪಟಾಲಮ್ಮ ವ್ಯಾನು ಹತ್ತಿದಳು. ಶಂಕರಲಿಂಗಪ್ಪನವರು, ನಾನು ಎಂದೂ ಕೇಳದ ಮೃದು ದನಿಯಲ್ಲಿ, 'ಉಸಿರು ಹಿಡಿಯಮ್ಮ' ಎಂದರು. ಅವಳು ಇಳಿಯುತ್ತಿದ್ದಂತೆ ದಾಸಮ್ಮ ತಾಳಿ ಕಚ್ಚಿಕೊಂಡು ಒಳಗೆ ನಡೆದಳು. ನಾನು ಅಳುತ್ತಿದ್ದೆ. ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದರು. ಆ ಊರಿನಂಥ ಊರಿನಲ್ಲಿ ನಾನು ಕೆಲಸ ಮಾಡಿದೆನಲ್ಲ, ಅವರು ನನ್ನನ್ನು ನರ್ಸಮ್ಮ ಎಂದು ಕರೆದರಲ್ಲ, ಇದಕ್ಕಿಂತ ದೊಡ್ಡ ಬಿರುದು ನನಗೆ ಬೇಕಿರಲಿಲ್ಲ. ಇವತ್ತಿಗೂ ಬೇಕಿಲ್ಲ.

ದಾಸಮ್ಮ ವ್ಯಾನಿನ ಬಾಗಿಲಲ್ಲಿ ಕಾಣಿಸಿಕೊಂಡಳು. ತಾಳಿಯನ್ನು ಬಾಯಿಂದ ತೆಗೆದು ಕಣ್ಣಿಗೊತ್ತಿಕೊಂಡಳು. ಮೆಟ್ಟಿಲು ಎತ್ತರವಾಗಿತ್ತು. ಇಳಿಸಲು ನಾನು ಕೈ ಚಾಚಿದರೆ ಬೇಡವೆಂದು ತಲೆಯಾಡಿಸಿ ಕೆಳಗೆ ನಿಂತವಳ ಕಡೆ ನೋಡಿದಳು.

'ಪಟಾಲಿ, ಕೈ ಕೊಡು' ಎಂದಳು. ಪಟಾಲಮ್ಮ ಕೈ ಕೊಟ್ಟಳು. ಆ ಬೋಳು ಕೈಯನ್ನು ಹಿಡಿದುಕೊಂಡೇ ಮುದುಕಿ ಊರಿನ ಹೆಂಗಸರನ್ನೆಲ್ಲ ಗದರಿದಳು.

'ಇನ್ನೂ ಏನ್ರೇ ನೋಡ್ತಾ ನಿಂತಿದ್ದೀರಿ? ನನ್ ಸೊಸೆ ಹೋಗಿ ಬಂದವ್ಳೆ. ಬರ್ರಿ.'

ಸಾಲು ಅರಳಿಕಟ್ಟೆಯನ್ನು ಸುತ್ತಿ ಬೋವಿ ಕೇರಿಯವರೆಗೆ ಬೆಳೆಯಿತು.